ರೇಡಿಯೇಶನ್ ಕಾಲದ ದಣಿವು ಸೋಮಾರಿತನವಲ್ಲ: ಸ್ತನ ಕ್ಯಾನ್ಸರ್ ರೋಗಿಯ ಆಯಾಸ ಗುರುತಿಸುವುದು ಹೇಗೆ?

ಕಾಗವಾಡ: ಶಸ್ತ್ರಚಿಕಿತ್ಸೆ ಮುಗಿದಿದೆ, ಕಿಮೊಥೆರಪಿಯ ಸುತ್ತುಗಳೂ ಮುಗಿದಿವೆ. ಉದುರಿದ ಕೂದಲು ಮತ್ತೆ ಚಿಗುರುತ್ತಿದೆ. ಇನ್ನುಳಿದಿರುವುದು ‘ಕರೆಂಟ್’ ಮಾತ್ರ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಜನರ ಬಾಯಲ್ಲಿ ‘ಕರೆಂಟ್’ ಎನಿಸಿಕೊಂಡಿರುವ ರೇಡಿಯೇಶನ್ ಅಥವಾ ವಿಕಿರಣ ಚಿಕಿತ್ಸೆ ನೋಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಯಂತ್ರದ ಕೆಳಗೆ ಕೆಲವು ನಿಮಿಷ ಮಲಗಿ ಎದ್ದು ಬಂದರೆ ಮುಗಿಯಿತು. ಆದರೆ ಎರಡನೆಯ ಅಥವಾ ಮೂರನೆಯ ವಾರ ಬರುವಷ್ಟರಲ್ಲಿ ಆ ಮಹಿಳೆ ನಡುಹಗಲಿನಲ್ಲೇ ಗೋಡೆಗೆ ಒರಗಿ ಕೂರತೊಡಗುತ್ತಾಳೆ. ಹೊಟ್ಟೆ ತುಂಬ ಉಂಡರೂ, ರಾತ್ರಿಯಿಡೀ ಮಲಗಿದರೂ ದಣಿವು ಇಳಿಯುವುದಿಲ್ಲ. ‘ಏನೂ ಮಾಡದೆ ಇಷ್ಟೊಂದು ದಣಿವು ಎಲ್ಲಿಂದ?’ ಎಂಬ ಪ್ರಶ್ನೆ ಮನೆಯವರಲ್ಲಿ ಮೂಡುತ್ತದೆ. ಅದೇ ಪ್ರಶ್ನೆ ಆಕೆಯ ಮನಸ್ಸಿನಲ್ಲೂ ಇರುತ್ತದೆ.

ಈ ದಣಿವಿಗೆ ವೈದ್ಯಕೀಯದಲ್ಲಿ ತನ್ನದೇ ಆದ ಸ್ಥಾನವಿದೆ. ಕ್ಯಾನ್ಸರ್ ಸಂಬಂಧಿತ ಆಯಾಸವೆಂದು ಕರೆಯಲಾಗುವ ಇದು ರೇಡಿಯೇಶನ್ ಪಡೆಯುವವರಲ್ಲಿ ಅತ್ಯಂತ ಸಾಮಾನ್ಯವಾಗಿ ಕಂಡುಬರುವ ತೊಂದರೆಗಳಲ್ಲಿ ಒಂದು. ಹಾಗಿದ್ದರೂ ರೋಗಿಗಳು ಅತಿ ಕಡಿಮೆ ಬಾಯಿಬಿಟ್ಟು ಹೇಳುವ ತೊಂದರೆಯೂ ಇದೇ. ಚರ್ಮ ಕೆಂಪಾದರೆ ಕಣ್ಣಿಗೆ ಕಾಣುತ್ತದೆ, ಜ್ವರ ಬಂದರೆ ಥರ್ಮಾಮೀಟರ್ ಹೇಳುತ್ತದೆ. ಆಯಾಸವನ್ನು ತೋರಿಸುವ ಯಂತ್ರವಾಗಲಿ, ರಕ್ತಪರೀಕ್ಷೆಯಾಗಲಿ ಇಲ್ಲ. ಅನುಭವಿಸುವವರು ಹೇಳಬೇಕು, ಸುತ್ತಲಿನವರು ಗುರುತಿಸಬೇಕು.

ಗಡಿ ದಾಟುವ ಚಿಕಿತ್ಸೆ

2018ರಲ್ಲಿ ಅಥಣಿಯಿಂದ ಬೇರ್ಪಟ್ಟು ಹೊಸ ತಾಲೂಕಾದ ಕಾಗವಾಡಕ್ಕೆ ಜಿಲ್ಲಾ ಕೇಂದ್ರವಾದ ಬೆಳಗಾವಿ ನೂರು ಕಿ.ಮೀ.ಗೂ ಅಧಿಕ ದೂರದಲ್ಲಿದೆ. ಮಹಾರಾಷ್ಟ್ರದ ಮಿರಜ ಮಾತ್ರ ಗಡಿಯಾಚೆಗೇ ಇದೆ. ಡಾ. ವಿಲಿಯಂ ವಾನ್‌ಲೆಸ್ ಅವರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಕಾಲದಿಂದಲೂ ಕೃಷ್ಣಾ ತೀರದ ಕನ್ನಡ ಹಳ್ಳಿಗಳಿಗೆ ‘ದೊಡ್ಡ ದವಾಖಾನೆ’ ಎಂದರೆ ಮಿರಜವೇ. ಇಂದಿಗೂ ಕಾಗವಾಡ, ಶೇಡಬಾಳ, ಉಗಾರ, ಐನಾಪುರ ಭಾಗದ ಕ್ಯಾನ್ಸರ್ ರೋಗಿಗಳು ಮಿರಜ, ಸಾಂಗಲಿ, ಕೊಲ್ಹಾಪುರಗಳತ್ತ ಹೋಗುವುದು ಸಹಜ. ಕರ್ನಾಟಕದ ಒಳಗೆ ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಹಾಗೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹಳೆಯ ಹೆಸರುಗಳು. 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದ ಬೆಳಗಾವಿಯ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಈ ಪಟ್ಟಿಗೆ ಇತ್ತೀಚಿನ ಸೇರ್ಪಡೆ.

ಎಲ್ಲಿಗೆ ಹೋದರೂ ರೇಡಿಯೇಶನ್‌ನ ಸ್ವಭಾವ ಒಂದೇ. ಶಸ್ತ್ರಚಿಕಿತ್ಸೆಯಂತೆ ಒಮ್ಮೆಗೆ ಮುಗಿಯುವುದಲ್ಲ, ಕಿಮೊಥೆರಪಿಯಂತೆ ಮೂರು ವಾರಕ್ಕೊಮ್ಮೆ ಬರುವುದೂ ಅಲ್ಲ. ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಶನಿವಾರ ಮತ್ತು ಭಾನುವಾರ ಬಿಟ್ಟು, ದಿನವೂ ಹೋಗಬೇಕು. ಹಳೆಯ ಪದ್ಧತಿಯಲ್ಲಿ 50 ಗ್ರೇ ಪ್ರಮಾಣವನ್ನು 25 ಕಂತುಗಳಲ್ಲಿ, ಅಂದರೆ ಐದು ವಾರಗಳಲ್ಲಿ ಕೊಡಲಾಗುತ್ತಿತ್ತು. ಬ್ರಿಟನ್ನಿನಲ್ಲಿ ನಡೆದ ‘ಸ್ಟಾರ್ಟ್’ ಅಧ್ಯಯನಗಳ ತರುವಾಯ 40 ಗ್ರೇ ಪ್ರಮಾಣವನ್ನು 15 ಕಂತುಗಳಲ್ಲಿ, ಮೂರು ವಾರಗಳಲ್ಲಿ ಮುಗಿಸುವ ಪದ್ಧತಿ ವ್ಯಾಪಕವಾಯಿತು. 2020ರಲ್ಲಿ ಪ್ರಕಟವಾದ ‘ಫಾಸ್ಟ್ ಫಾರ್ವರ್ಡ್’ ಅಧ್ಯಯನವು ಆಯ್ದ ರೋಗಿಗಳಲ್ಲಿ 26 ಗ್ರೇ ಪ್ರಮಾಣವನ್ನು ಒಂದೇ ವಾರದ ಐದು ಕಂತುಗಳಲ್ಲಿ ಕೊಡಬಹುದೆಂದು ತೋರಿಸಿತು. ಗಡ್ಡೆಯಿದ್ದ ಜಾಗಕ್ಕೆ ಹೆಚ್ಚುವರಿ ಕಂತುಗಳು ಬೇಕಾಗುವುದೂ ಉಂಟು. ಯಾರಿಗೆ ಯಾವುದು ಸೂಕ್ತ ಎಂಬುದನ್ನು ರೋಗದ ಹಂತ ನೋಡಿ ವೈದ್ಯರೇ ನಿರ್ಧರಿಸುತ್ತಾರೆ.

ಹೀಗಾಗಿ ಗ್ರಾಮೀಣ ರೋಗಿಯ ಲೆಕ್ಕದಲ್ಲಿ ಯಂತ್ರದ ಕೆಳಗಿನ ಹತ್ತು ನಿಮಿಷಕ್ಕಿಂತ ದಾರಿಯ ಗಂಟೆಗಳೇ ಹೆಚ್ಚು. ಬೆಳಗಿನ ಅಡುಗೆ, ಬಸ್ಸಿನ ಕಾಯುವಿಕೆ, ಆಸ್ಪತ್ರೆಯ ಸರದಿ, ಮರಳಿದ ಮೇಲೆ ದನಗಳ ಮೇವು. ಇಂಥ ದಿನಚರಿಯಲ್ಲಿ ಬಂದ ದಣಿವನ್ನು ‘ಓಡಾಟದ ಸುಸ್ತು’ ಎಂದು ತಳ್ಳಿಹಾಕುವುದು ಸುಲಭ. ಓಡಾಟವೂ ಒಂದು ಕಾರಣವೇ ಹೌದು. ಆದರೆ ಅದೊಂದೇ ಅಲ್ಲ.

ಸಾಮಾನ್ಯ ದಣಿವಿಗೂ ಇದಕ್ಕೂ ಏನು ವ್ಯತ್ಯಾಸ?

ದಿನವಿಡೀ ಕಬ್ಬಿನ ಹೊಲದಲ್ಲಿ ದುಡಿದವರಿಗೆ ಬರುವ ದಣಿವು ಮಾಡಿದ ಕೆಲಸಕ್ಕೆ ತಕ್ಕಂತಿರುತ್ತದೆ. ಉಂಡು ಮಲಗಿ ಎದ್ದರೆ ಬಹುಪಾಲು ಇಳಿಯುತ್ತದೆ. ಕ್ಯಾನ್ಸರ್ ಸಂಬಂಧಿತ ಆಯಾಸಕ್ಕೆ ಈ ಎರಡೂ ಗುಣಗಳಿಲ್ಲ. ಅದು ಮಾಡಿದ ಕೆಲಸಕ್ಕೆ ಹೊಂದದಷ್ಟು ಹೆಚ್ಚಾಗಿರುತ್ತದೆ, ವಿಶ್ರಾಂತಿಯಿಂದ ಪೂರ್ತಿ ಇಳಿಯುವುದಿಲ್ಲ ಮತ್ತು ನಿತ್ಯದ ಬದುಕಿಗೆ ಅಡ್ಡಿಯಾಗುತ್ತದೆ. ದೇಹದ ದಣಿವಿನೊಂದಿಗೆ ಮನಸ್ಸಿನ ಮಂಕೂ ಸೇರಿರುತ್ತದೆ. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಮಾತಿನ ನಡುವೆ ಎಳೆ ತಪ್ಪುವುದು, ಇಷ್ಟದ ಕೆಲಸದಲ್ಲೂ ಆಸಕ್ತಿ ಕುಂದುವುದು ಇದರ ಭಾಗಗಳೇ.

ರೇಡಿಯೇಶನ್‌ನಿಂದ ಬರುವ ಆಯಾಸಕ್ಕೆ ಒಂದು ಕಾಲಕ್ರಮವೂ ಇದೆ. ಮೊದಲ ದಿನಗಳಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಕಂತುಗಳು ಕೂಡುತ್ತ ಹೋದಂತೆ ದಣಿವು ಮೆಲ್ಲನೆ ಏರಿ, ಚಿಕಿತ್ಸೆಯ ಕೊನೆಯ ವಾರ ಅಥವಾ ಅದು ಮುಗಿದ ಮರುವಾರಗಳಲ್ಲಿ ತುತ್ತತುದಿ ಮುಟ್ಟುತ್ತದೆ. ಆಮೇಲೆ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಬಹುತೇಕರಲ್ಲಿ ಇಳಿಯುತ್ತದೆ. ಈ ಕ್ರಮವನ್ನು ಮೊದಲೇ ತಿಳಿದಿರುವುದು ಅತ್ಯಗತ್ಯ. ತಿಳಿಯದಿದ್ದರೆ, ಚಿಕಿತ್ಸೆ ಮುಗಿಯುವ ಹೊತ್ತಿಗೆ ದಣಿವು ಹೆಚ್ಚಿದ್ದನ್ನು ಕಂಡು ‘ರೋಗ ಮರಳಿ ಬಂತೇನೋ’ ಎಂದು ರೋಗಿ ಹೆದರುತ್ತಾಳೆ. ‘ಕರೆಂಟ್ ಮುಗಿದಿದೆ, ಇನ್ನೇನು’ ಎಂದು ಮನೆಯವರು ಎಲ್ಲ ಕೆಲಸವನ್ನೂ ಮರುದಿನವೇ ಆಕೆಗೆ ಒಪ್ಪಿಸುತ್ತಾರೆ.

ಕೆಲವರಲ್ಲಿ ಇದು ದೀರ್ಘಕಾಲ ಉಳಿಯುವುದೂ ಉಂಟು. ಅಮೆರಿಕದ ಸಂಶೋಧಕಿ ಜೂಲಿಯನ್ ಬೋವರ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್‌ನಿಂದ ಗುಣಮುಖರಾದ ಸುಮಾರು ಎರಡು ಸಾವಿರ ಮಹಿಳೆಯರನ್ನು ಕುರಿತು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ತೀವ್ರ ಆಯಾಸವನ್ನು ಹೇಳಿಕೊಂಡಿದ್ದರು. ಅಂಥವರಲ್ಲಿ ಖಿನ್ನತೆ, ನೋವು, ನಿದ್ರೆಯ ತೊಂದರೆಗಳೂ ಹೆಚ್ಚಾಗಿ ಕಂಡುಬಂದಿದ್ದವು.

ಮಾತಿನಲ್ಲಿ ಅಡಗಿರುವ ಲಕ್ಷಣ

ಆಯಾಸವನ್ನು ಗುರುತಿಸಲು ವೈದ್ಯರು ಬಳಸುವ ಅತಿ ಸರಳ ಸಾಧನವೆಂದರೆ ಸೊನ್ನೆಯಿಂದ ಹತ್ತರವರೆಗಿನ ಅಳತೆ. ‘ಕಳೆದ ಒಂದು ವಾರದಲ್ಲಿ ನಿಮ್ಮ ದಣಿವು ಎಷ್ಟಿತ್ತು? ಸೊನ್ನೆ ಎಂದರೆ ದಣಿವೇ ಇಲ್ಲ, ಹತ್ತು ಎಂದರೆ ಊಹಿಸಬಹುದಾದ ಅತಿ ಹೆಚ್ಚಿನ ದಣಿವು’ ಎಂದು ಕೇಳಲಾಗುತ್ತದೆ. 1ರಿಂದ 3 ಎಂದರೆ ಅಲ್ಪ, 4ರಿಂದ 6 ಎಂದರೆ ಮಧ್ಯಮ, 7ರಿಂದ 10 ಎಂದರೆ ತೀವ್ರ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿನ ಉತ್ತರ ಬಂದಾಗ ಕಾರಣ ಹುಡುಕಿ ಪರೀಕ್ಷಿಸಬೇಕು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಸಲಹೆ. 1999ರಲ್ಲಿ ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ರೂಪುಗೊಂಡ ಆಯಾಸದ ಕಿರು ಪ್ರಶ್ನಾವಳಿಯೂ ಇದೇ ಅಳತೆಯನ್ನು ಆಧರಿಸಿದೆ. ದಣಿವು ಎಷ್ಟಿದೆ ಎಂಬುದರ ಜೊತೆಗೆ ಅದು ನಡೆದಾಟ, ಮನೆಗೆಲಸ, ಮನಸ್ಥಿತಿ, ಇತರರೊಡನೆ ಬೆರೆಯುವಿಕೆಗಳಿಗೆ ಎಷ್ಟು ಅಡ್ಡಿಯಾಗಿದೆ ಎಂಬುದನ್ನೂ ಅದು ಕೇಳುತ್ತದೆ.

ಆದರೆ ಗಡಿನಾಡಿನ ಹಳ್ಳಿಯ ಮಹಿಳೆಗೆ ಅಂಕಿಯ ಭಾಷೆ ಒಗ್ಗದಿರಬಹುದು. ಆಕೆ ‘ನನಗೆ ಏಳರಷ್ಟು ಆಯಾಸ’ ಎನ್ನುವುದಿಲ್ಲ. ‘ಮೈಯಾಗ ತ್ರಾಣ ಇಲ್ಲ’, ‘ಕೈಕಾಲು ಸೋತಾವ’, ‘ಯಾಕೋ ಏನೂ ಬ್ಯಾಡನಸ್ತೈತಿ’ ಎನ್ನುತ್ತಾಳೆ. ಗಡಿಯಾಚೆಯ ಆಸ್ಪತ್ರೆಯಲ್ಲಿ ‘ಥಕವಾ’ ಇದೆಯೇ ಎಂದು ಮರಾಠಿಯಲ್ಲಿ ಕೇಳಿದಾಗ, ಭಾಷೆ ಅರ್ಥವಾದರೂ, ‘ಇಲ್ಲ, ಬರೋಬರಿ ಅದೀನಿ’ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ದೂರಿದರೆ ಚಿಕಿತ್ಸೆ ನಿಲ್ಲಿಸಿಬಿಟ್ಟಾರು ಎಂಬ ಅಂಜಿಕೆ, ಜೊತೆಗೆ ಬಂದ ಮಗನ ಅಥವಾ ಮೈದುನನ ಎದುರು ಹೇಳಲು ಸಂಕೋಚ, ಇದೆಲ್ಲ ಚಿಕಿತ್ಸೆಯಲ್ಲಿ ಇರುವುದೇ ಎಂಬ ನಂಬಿಕೆ, ಮೂರೂ ಸೇರಿ ಬಾಯಿ ಕಟ್ಟುತ್ತವೆ.

ಆದ್ದರಿಂದ ‘ದಣಿವಾಗಿದೆಯೇ’ ಎಂದು ಕೇಳುವುದಕ್ಕಿಂತ, ನಿತ್ಯದ ಕೆಲಸವನ್ನೇ ಅಳತೆಗೋಲಾಗಿಸುವುದು ಹೆಚ್ಚು ಫಲಕಾರಿ. ಮೊದಲು ಒಂದೇ ಕೂಡ್ರುವಿಕೆಯಲ್ಲಿ ಇಡೀ ಮನೆಗೆ ರೊಟ್ಟಿ ಬಡಿಯುತ್ತಿದ್ದವಳು ಈಗ ಎಷ್ಟು ರೊಟ್ಟಿಗೆ ಕೈ ಸೋತು ನಿಲ್ಲಿಸುತ್ತಾಳೆ? ಬಸ್ ನಿಲ್ದಾಣದಿಂದ ಮನೆಗೆ ಬರುವಾಗ ನಡುವೆ ಎಷ್ಟು ಕಡೆ ಕೂರಬೇಕಾಗುತ್ತದೆ? ಸ್ನಾನ ಮಾಡಿ ತಲೆ ಬಾಚಿಕೊಂಡ ಮೇಲೆ ಮತ್ತೆ ಮಲಗಬೇಕೆನಿಸುತ್ತದೆಯೇ? ಕಳೆದ ವಾರದ ಉತ್ತರಕ್ಕೂ ಈ ವಾರದ ಉತ್ತರಕ್ಕೂ ಇರುವ ಅಂತರವೇ ಆಯಾಸದ ಅಳತೆ. ಇದನ್ನು ಮಗಳೋ ಸೊಸೆಯೋ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗುರುತು ಹಾಕಿ ಬರೆದಿಟ್ಟರೆ, ವಾರದ ತಪಾಸಣೆಯಲ್ಲಿ ವೈದ್ಯರಿಗೆ ತೋರಿಸಲು ಅದಕ್ಕಿಂತ ಉತ್ತಮ ದಾಖಲೆ ಇಲ್ಲ.

ಮನೆಯವರು ಗಮನಿಸಬೇಕಾದ ಕುರುಹುಗಳು

* ರಾತ್ರಿ ನಿದ್ರೆ ಮಾಡಿದರೂ ಬೆಳಿಗ್ಗೆ ಏಳುವಾಗಲೇ ದಣಿವು.
* ಸಣ್ಣ ಕೆಲಸದ ನಂತರವೂ ದೀರ್ಘ ವಿಶ್ರಾಂತಿ ಬೇಕಾಗುವುದು.
* ಕೈಕಾಲು ಭಾರವಾಗಿವೆ ಎನ್ನುವುದು, ಮಾತು ಮತ್ತು ನಡಿಗೆ ನಿಧಾನವಾಗುವುದು.
* ನೆನಪು, ಗಮನ ಕುಗ್ಗುವುದು. ಮಾತ್ರೆ ತೆಗೆದುಕೊಂಡದ್ದನ್ನು ಮರೆಯುವುದು.
* ನೆರೆಹೊರೆ, ಗುಡಿ, ಬಸದಿ, ಸಂತೆಗೆ ಹೋಗುವುದನ್ನು ಬಿಡುವುದು.
* ಸಣ್ಣ ವಿಷಯಕ್ಕೆ ಸಿಟ್ಟು ಅಥವಾ ಅಳು, ‘ನಾನು ಮನೆಗೆ ಭಾರವಾದೆ’ ಎಂಬ ಮಾತು.
* ‘ಇವತ್ತೊಂದು ದಿನ ಕರೆಂಟ್ ಬ್ಯಾಡ’ ಎನ್ನುವುದು.

ಕೊನೆಯ ಕುರುಹು ಎಲ್ಲಕ್ಕಿಂತ ಗಂಭೀರವಾದುದು. ಯೋಜಿಸಿದ ಕಂತುಗಳನ್ನು ನಡುನಡುವೆ ತಪ್ಪಿಸಿದರೆ, ಅಳಿದುಳಿದ ಕ್ಯಾನ್ಸರ್ ಕೋಶಗಳಿಗೆ ಚೇತರಿಸಿಕೊಳ್ಳಲು ಸಮಯ ಸಿಕ್ಕಂತಾಗಿ ಚಿಕಿತ್ಸೆಯ ಪರಿಣಾಮ ಕುಗ್ಗುತ್ತದೆ. ದಣಿವನ್ನು ಸಕಾಲದಲ್ಲಿ ಗುರುತಿಸುವುದು ಕೇವಲ ಸುಖದ ಪ್ರಶ್ನೆಯಲ್ಲ, ಚಿಕಿತ್ಸೆ ಪೂರ್ಣಗೊಳ್ಳುವ ಪ್ರಶ್ನೆ.

ಏಕೆ ಬರುತ್ತದೆ ಈ ಆಯಾಸ?

ಇದಕ್ಕೆ ಒಂದೇ ಕಾರಣವಿಲ್ಲ. ವಿಕಿರಣವು ಕ್ಯಾನ್ಸರ್ ಕೋಶಗಳನ್ನು ನಾಶಪಡಿಸುವಾಗ ಸುತ್ತಲಿನ ಆರೋಗ್ಯವಂತ ಅಂಗಾಂಶಕ್ಕೂ ಪೆಟ್ಟು ಬೀಳುತ್ತದೆ. ಅದನ್ನು ದುರಸ್ತಿ ಮಾಡುವ ಕೆಲಸದಲ್ಲಿ ದೇಹ ತೊಡಗುತ್ತದೆ. ಈ ವೇಳೆ ಉತ್ಪತ್ತಿಯಾಗುವ ಉರಿಯೂತದ ರಾಸಾಯನಿಕಗಳು ರಕ್ತದ ಮೂಲಕ ಮಿದುಳಿನ ಮೇಲೂ ಪ್ರಭಾವ ಬೀರಿ ದಣಿವನ್ನು ಉಂಟುಮಾಡುತ್ತವೆ ಎಂಬುದು ಸಂಶೋಧಕರು ಇಂದು ಹೆಚ್ಚಾಗಿ ಒಪ್ಪುವ ವಿವರಣೆ. ಜ್ವರ ಬಂದಾಗ ಮೈಕೈ ಸೋತು ಮಲಗಬೇಕೆನಿಸುವುದೂ ಬಹುಮಟ್ಟಿಗೆ ಇದೇ ಬಗೆಯ ಪ್ರಕ್ರಿಯೆ. ಮೊದಲೇ ಕಿಮೊಥೆರಪಿ ಪಡೆದವರು ದಣಿದ ದೇಹದೊಂದಿಗೇ ರೇಡಿಯೇಶನ್‌ಗೆ ಬರುತ್ತಾರೆ.

ಇದರ ಜೊತೆಗೆ ಚಿಕಿತ್ಸೆಯಿಂದ ಸರಿಪಡಿಸಬಹುದಾದ ಕಾರಣಗಳೂ ಹಲವಿವೆ. ಅವುಗಳನ್ನು ಹುಡುಕದೆ ‘ರೇಡಿಯೇಶನ್‌ನಿಂದ ಹೀಗಾಗುತ್ತದೆ’ ಎಂದು ಬಿಟ್ಟುಬಿಡುವುದು ತಪ್ಪು.

ರಕ್ತಹೀನತೆ ಇವುಗಳಲ್ಲಿ ಮೊದಲನೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೊಗ್ಲೋಬಿನ್ ಪ್ರಮಾಣ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದನ್ನು ಪರೀಕ್ಷಿಸಬಹುದು. ಎರಡನೆಯದು ಥೈರಾಯ್ಡ್ ಗ್ರಂಥಿಯ ಕೊರತೆ. ಕಂಕುಳು ಮತ್ತು ಕೊರಳೆಲುಬಿನ ಮೇಲ್ಭಾಗದ ದುಗ್ಧಗ್ರಂಥಿಗಳಿಗೂ ವಿಕಿರಣ ಕೊಡುವಾಗ ಥೈರಾಯ್ಡ್‌ಗೂ ಸ್ವಲ್ಪ ಪ್ರಮಾಣ ತಗಲುವುದುಂಟು. ಇದರ ಪರಿಣಾಮ ತಿಂಗಳು, ವರ್ಷಗಳ ತರುವಾಯ ಕಾಣಬಹುದು. ನಿದ್ರಾಭಂಗ, ನೋವು, ಊಟ ಸೇರದಿರುವುದು, ಖಿನ್ನತೆ, ಮಧುಮೇಹದ ಏರುಪೇರು, ಹಾರ್ಮೋನ್ ಮಾತ್ರೆಗಳಿಂದ ರಾತ್ರಿ ಮೈ ಬೆವರಿ ಎಚ್ಚರವಾಗುವುದು ಮುಂತಾದವು ಉಳಿದ ಕಾರಣಗಳು. ಪ್ರತಿಯೊಂದಕ್ಕೂ ಪರಿಹಾರವಿದೆ.

ಮಲಗಿದರೆ ಹೆಚ್ಚುವ ದಣಿವು

‘ಸುಮ್ಮನೆ ಮಲಗು, ಏನೂ ಮಾಡಬೇಡ’ ಎಂಬುದು ಕರುಣೆಯ ಮಾತು. ಆದರೆ ದಿನವಿಡೀ ಮಲಗಿದರೆ ಸ್ನಾಯುಗಳು ಸೊರಗಿ, ರಾತ್ರಿಯ ನಿದ್ರೆ ಕೆಟ್ಟು, ದಣಿವು ಇನ್ನಷ್ಟು ಹೆಚ್ಚುತ್ತದೆ. 2017ರಲ್ಲಿ ಕ್ಯಾರೆನ್ ಮಸ್ಟಿಯನ್ ಮತ್ತು ಸಂಗಡಿಗರು 113 ಅಧ್ಯಯನಗಳನ್ನು, ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಕ್ಯಾನ್ಸರ್ ಸಂಬಂಧಿತ ಆಯಾಸಕ್ಕೆ ಔಷಧಿಗಳಿಗಿಂತ ವ್ಯಾಯಾಮ ಮತ್ತು ಮಾನಸಿಕ ಆಪ್ತಸಲಹೆಗಳೇ ಹೆಚ್ಚು ಪರಿಣಾಮಕಾರಿ ಎಂಬುದು ಕಂಡುಬಂದಿತು.

ವ್ಯಾಯಾಮವೆಂದರೆ ಇಲ್ಲಿ ನಡಿಗೆಯೇ ಸಾಕು. ಮೊದಲು ಹತ್ತು ನಿಮಿಷ ಅಂಗಳದಲ್ಲಿ, ಅನಂತರ ಶಕ್ತಿಗೆ ತಕ್ಕಂತೆ ಹೆಚ್ಚಿಸುತ್ತ ದಿನಕ್ಕೆ ಅರ್ಧ ಗಂಟೆಯವರೆಗೆ, ಬಿಸಿಲು ಏರುವ ಮುನ್ನ ನಡೆಯುವುದು ಉತ್ತಮ. ನಡೆಯುವಾಗ ಮಾತನಾಡಲು ಸಾಧ್ಯವಾಗುವಷ್ಟು ವೇಗವಿರಬೇಕು. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಬೇಕು. ಹೃದ್ರೋಗ, ತೀವ್ರ ರಕ್ತಹೀನತೆ ಅಥವಾ ಮೂಳೆಗೆ ಹರಡಿದ ರೋಗವಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಹಗಲು ನಿದ್ರೆ ಬೇಕೆನಿಸಿದರೆ ಅರ್ಧ ಗಂಟೆ ಮೀರದಿರಲಿ.

ಎರಡನೆಯ ಸೂತ್ರ ಶಕ್ತಿಯ ಮಿತವ್ಯಯ. ಕೈಯಲ್ಲಿರುವ ಅಲ್ಪ ದುಡ್ಡನ್ನು ಸಂತೆಯಲ್ಲಿ ಯೋಚಿಸಿ ಖರ್ಚು ಮಾಡುವಂತೆ, ಇರುವ ತ್ರಾಣವನ್ನು ಬೇಕಾದ ಕೆಲಸಕ್ಕೆ ಉಳಿಸಿಕೊಳ್ಳಬೇಕು. ತಾನೇ ಮಾಡಬೇಕೆನಿಸುವ ಒಂದೆರಡು ಕೆಲಸಗಳನ್ನು ದಣಿವು ಕಡಿಮೆಯಿರುವ ಹೊತ್ತಿನಲ್ಲಿ ಆಕೆ ಮಾಡಲಿ. ನೀರು ತರುವುದು, ಮೇವಿನ ಹೊರೆ, ಬಟ್ಟೆ ಒಗೆಯುವುದು ಇತರರ ಪಾಲಿಗಿರಲಿ. ಶಸ್ತ್ರಚಿಕಿತ್ಸೆಯಾದ ಬದಿಯ ಕೈ ಬಾವು ಬರುವ ಅಪಾಯವಿರುವುದರಿಂದ ಭಾರ ಎತ್ತುವ ವಿಷಯದಲ್ಲಿ ವೈದ್ಯರ ಸೂಚನೆ ಪಾಲಿಸಬೇಕು.

ಊಟದಲ್ಲಿ ಬೇಳೆ, ಕಾಳು, ಶೇಂಗಾ, ಹಾಲು, ಮೊಸರು, ಸೊಪ್ಪು ಸಾಕಷ್ಟಿರಲಿ. ಒಮ್ಮೆಗೆ ಉಣ್ಣಲಾಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಬೇಕು. ಈ ಭಾಗದಲ್ಲಿ ಉಪವಾಸ, ವ್ರತಗಳಿಗೆ ಮಹತ್ವವಿದೆ. ಸೂರ್ಯಾಸ್ತದ ಮೊದಲು ಉಣ್ಣುವ ಜೈನ ಕುಟುಂಬಗಳು ದಿನದ ಊಟಗಳನ್ನು ಹಗಲಿನಲ್ಲೇ ಹೊಂದಿಸಿಕೊಳ್ಳಬಹುದು. ಆದರೆ ಚಿಕಿತ್ಸೆಯ ವಾರಗಳಲ್ಲಿ ದೀರ್ಘ ಉಪವಾಸ ಕೈಗೊಳ್ಳುವ ಮುನ್ನ ವೈದ್ಯರೊಡನೆ ಮಾತನಾಡುವುದು ಲೇಸು. ಹೆಸರು ಗೊತ್ತಿಲ್ಲದ ‘ಶಕ್ತಿ’ಯ ಪುಡಿ, ಕಷಾಯ, ಚುಚ್ಚುಮದ್ದುಗಳನ್ನು ಕೇಳದೆ ಬಳಸಬಾರದು.

ತಡಮಾಡದೆ ವೈದ್ಯರ ಬಳಿಗೆ

ಎಲ್ಲ ದಣಿವೂ ಮನೆಯಲ್ಲೇ ನಿಭಾಯಿಸುವಂಥದ್ದಲ್ಲ. ಕುಳಿತಲ್ಲೇ ಉಸಿರುಗಟ್ಟುವುದು, ಎದೆನೋವು, ಎದೆ ವೇಗವಾಗಿ ಬಡಿಯುವುದು, ಎದ್ದು ನಿಂತರೆ ತಲೆಸುತ್ತಿ ಬೀಳುವಂತಾಗುವುದು, 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ರಕ್ತಸ್ರಾವ, ಮಾತು ಅಸಂಬದ್ಧವಾಗುವುದು, ಇಡೀ ದಿನ ಹಾಸಿಗೆಯಿಂದ ಏಳಲಾಗದಿರುವುದು, ಬದುಕೇ ಬೇಡವೆಂಬ ಮಾತು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಮರುದಿನದ ಸರದಿಗಾಗಿ ಕಾಯಬಾರದು. ಚಿಕಿತ್ಸೆ ಮುಗಿದ ಒಂದರಿಂದ ಆರು ತಿಂಗಳೊಳಗೆ ಒಣಕೆಮ್ಮು, ಸಣ್ಣ ಜ್ವರ, ಏದುಸಿರು ಕಾಣಿಸಿದರೆ ಶ್ವಾಸಕೋಶದ ಉರಿಯೂತವಿರಬಹುದು. ಆಗ ಊರಿನ ವೈದ್ಯರಿಗೆ ರೇಡಿಯೇಶನ್ ಆಗಿರುವ ಸಂಗತಿಯನ್ನು ತಪ್ಪದೆ ತಿಳಿಸಬೇಕು.

ಮುಟ್ಟಿದರೆ ಅಂಟುವುದಿಲ್ಲ

ದಣಿವಿನ ಹಿಂದೆ ಒಂಟಿತನವೂ ಇರುವುದನ್ನು ಮರೆಯುವಂತಿಲ್ಲ. ‘ಕರೆಂಟ್’ ಪಡೆದವಳ ಬಳಿ ಮಕ್ಕಳನ್ನು ಬಿಡಬಾರದೆಂಬ ತಪ್ಪು ಕಲ್ಪನೆ ಕೆಲವೆಡೆ ಇದೆ. ಹೊರಗಿನ ಯಂತ್ರದಿಂದ ಕೊಡುವ ರೇಡಿಯೇಶನ್ ದೇಹದಲ್ಲಿ ಉಳಿಯುವುದಿಲ್ಲ. ಯಂತ್ರ ನಿಂತ ಕ್ಷಣ ವಿಕಿರಣವೂ ನಿಲ್ಲುತ್ತದೆ. ಆಕೆ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಒಂದೇ ತಾಟಿನಲ್ಲಿ ಉಣ್ಣಬಹುದು. ಕ್ಯಾನ್ಸರ್ ಅಂಟುರೋಗವೂ ಅಲ್ಲ.

ಓಡಾಟದ ಭಾರ ಇಳಿಸಲು ಇರುವ ಸೌಲಭ್ಯಗಳನ್ನೂ ಬಳಸಿಕೊಳ್ಳಬೇಕು. ಮಿರಜ–ಬೆಳಗಾವಿ ರೈಲು ಮಾರ್ಗದಲ್ಲಿ ಶೇಡಬಾಳ ಮತ್ತು ಉಗಾರ ಖುರ್ದ ನಿಲ್ದಾಣಗಳು ತಾಲೂಕಿನೊಳಗೇ ಇವೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲ್ವೆ ಪ್ರಯಾಣದರದಲ್ಲಿ ರಿಯಾಯಿತಿ ನೀಡುತ್ತದೆ. ಇದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆಯಬೇಕು. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸಾ ವೆಚ್ಚ ಭರಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಆಯ್ದುಕೊಳ್ಳುವ ಆಸ್ಪತ್ರೆ, ವಿಶೇಷವಾಗಿ ಅದು ಗಡಿಯಾಚೆಗಿದ್ದರೆ, ಯೋಜನೆಯಡಿ ಬರುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ದಿನದ ಕಂತಿಗೆ ಒಂದೇ ನಿಗದಿತ ಸಮಯ ಕೊಡುವಂತೆ, ಬಸ್ಸಿನ ವೇಳೆ ತಿಳಿಸಿ, ಚಿಕಿತ್ಸಾ ವಿಭಾಗದವರನ್ನು ಕೇಳಿಕೊಳ್ಳಲು ಹಿಂಜರಿಯಬೇಕಿಲ್ಲ.

ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಅವರಲ್ಲಿ ಅನೇಕರು ಚಿಕಿತ್ಸೆಯ ಒಂದಲ್ಲ ಒಂದು ಹಂತದಲ್ಲಿ ರೇಡಿಯೇಶನ್ ಕೊಠಡಿಯ ಬಾಗಿಲು ದಾಟುವವರೇ. ಯಂತ್ರ, ಔಷಧಿ, ವೈದ್ಯರು ತಮ್ಮ ಪಾಲಿನ ಕೆಲಸ ಮಾಡುತ್ತಾರೆ. ಸಂಜೆ ಬಸ್ಸಿನಿಂದ ಇಳಿದು ಬಂದವಳು ಹೊಸ್ತಿಲ ಮೇಲೆ ಕುಳಿತಾಗ, ‘ಏನಾತು, ಇವತ್ತ ತ್ರಾಣ ಹ್ಯಾಂಗೈತಿ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವ ಕೆಲಸ ಮಾತ್ರ ಮನೆಯವರದು.